ನಿಂದ್ರು

"ಇಲ್ಲಿ, ನಿನ್ನ ಹೆಸರಿನ ಮುಂದೆ," ಎಂದು ಪ್ರಾಜೆಕ್ಟ್ ಗೈಡ್ ಅನೀಲಕುಮಾರ ಸರ್ ಪೆನ್ನಿನ ತುದಿಯಿಂದ ತೋರಿಸಿದರು. "ಅದರ ಕೆಳಗೆ ಆಪರೇಟರ್ ಅಂತ ಇದೆಯಲ್ಲ, ಅಲ್ಲಿ ನಿಮ್ಮ ತಾಯಿದು. ಸೈನ್ ಬರಲ್ಲ ಅಂದ್ರೆ ಹೆಬ್ಬೆಟ್ಟು ಸಾಕು."

"ನಮ್ಮವ್ವಗ ಸೈನ್ ಬರ್ತದರಿ ಸರ್," ಎಂದಳು ಮೈತ್ರಿ. "ಆದ್ರ ಅದಕ್ಕ ಬಲಗೈ ಬೇಕಾಗ್ತದ."

ಸರ್ ತಲೆ ಎತ್ತಲಿಲ್ಲ. "ಎಡಗೈ ಹೆಬ್ಬೆಟ್ಟೂ ನಡೆಯುತ್ತೆ," ಎಂದರು.

ಮೈತ್ರಿ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ಎಲ್ಲ ಇಂಗ್ಲಿಷಿನಲ್ಲಿ ಚೊಕ್ಕವಾಗಿ ಟೈಪಾಗಿತ್ತು. ಸ್ಥಳ, ಜೇವರ್ಗಿ. ದಿನ, ಕಳೆದ ಶುಕ್ರವಾರ. ಘಟನೆ, ಪ್ರಾತ್ಯಕ್ಷಿಕೆಯ ವೇಳೆ ಆಪರೇಟರ್‌ಗೆ ಸಣ್ಣ ಗಾಯ. ಬಲಗೈ ಹೆಬ್ಬೆರಳಿನ ತುದಿ ಉಗುರಿನ ಸಮೇತ ಹೋಗಿ ತೋರುಬೆರಳಿಗೆ ಏಳು ಹೊಲಿಗೆ ಬಿದ್ದರೆ ಅದು ಸಣ್ಣ ಗಾಯವಂತೆ. ಅದರ ಕೆಳಗಿನ ಸಾಲಿನಲ್ಲಿ ಕಾರಣ. ಆಪರೇಟರ್ ನಿಗದಿತ ಆದೇಶವನ್ನು ಕೊಡಲಿಲ್ಲ, ಕೊಟ್ಟ ತರಬೇತಿಯನ್ನು ಪಾಲಿಸಲಿಲ್ಲ. ಅಷ್ಟರಲ್ಲೇ ಅವ್ವನನ್ನು ತಪ್ಪಿತಸ್ಥೆ ಮಾಡಿ ಮುಗಿಸಿದ್ದರು. ಕೆಳಗೆ ಶಿವಪ್ರಕಾಶನ ಸಹಿಯೂ ಸೃಷ್ಟಿಯ ಸಹಿಯೂ ಆಗಲೇ ಬಿದ್ದಿದ್ದವು. ಮೂವರ ತಂಡದಲ್ಲಿ ಉಳಿದವಳು ಅವಳೊಬ್ಬಳೇ.

"ಇದ್ರಲ್ಲಿ ಸುಳ್ಳೇನಾದ್ರೂ ಬರೆದಿದೀನಾ, ಹೇಳು," ಎಂದರು ಸರ್.

ಅದೇ ಅವಳನ್ನು ಸುಡುತ್ತಿದ್ದದ್ದು. ಕಾರಣದ ಸಾಲಿನಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಸುಳ್ಳಿದ್ದಿದ್ದರೆ ಜಗಳ ತೆಗೆಯಬಹುದಿತ್ತು, ಹಾಳೆಯನ್ನು ಮೇಜಿನ ಮೇಲೆ ಬಡಿಯಬಹುದಿತ್ತು. ಇಷ್ಟು ಓದಿದ ಮನುಷ್ಯ, ಖರೇ ಮಾತುಗಳನ್ನೇ ಜೋಡಿಸಿ ಇಷ್ಟು ದೊಡ್ಡ ಸುಳ್ಳನ್ನು ಕಟ್ಟಿದ್ದರು.

"ಗುರುವಾರ ರಿವ್ಯೂ," ಸರ್ ಮುಂದುವರಿಸಿದರು. "ಫೈಲಲ್ಲಿ ಈ ಹಾಳೆ ಇಲ್ಲ ಅಂದ್ರೆ ಕಮಿಟಿ ಪ್ರಾಜೆಕ್ಟನ್ನೇ ತಡೆಹಿಡಿಯುತ್ತೆ. ಏಳನೇ ಸೆಮಿಸ್ಟರ್ ಹೋಯ್ತು ಅಂತಾನೇ ಲೆಕ್ಕ. ನಿನ್ನೊಬ್ಬಳದಲ್ಲ, ಮೂರೂ ಜನರದ್ದು. ನಿಮ್ಮ ತಾಯಿಗೆ ಯಾರೂ ಏನೂ ಮಾಡಲ್ಲಮ್ಮ. ಅವರೇನು ನೌಕರಿಯಲ್ಲಿದಾರಾ, ಮೆಮೋ ಕೊಡೋಕೆ? ಬರೀ ಒಂದು ಹಾಳೆ."

"ಅವ್ವಗ ಕೇಳ್ಕೊಂಡು ಬರ್ತೇನ್ರಿ," ಎಂದು ಮೈತ್ರಿ ಹಾಳೆಯನ್ನು ಫೈಲಿನೊಳಗೆ ಸೇರಿಸಿ ಎದ್ದಳು.

ಹೊರಗೆ ಶಿವಪ್ರಕಾಶ ಕಾಯುತ್ತ ನಿಂತಿದ್ದ. ಶುಕ್ರವಾರದ ಪ್ರಾತ್ಯಕ್ಷಿಕೆ ನಡೆದದ್ದು ಅವನ ಅಜ್ಜ ಚಂದ್ರಾಮಪ್ಪನ ಹೊಲದಲ್ಲಿ. ಒಳ್ಳೆಯ ಹುಡುಗನೇ. "ಹಾಕಿಬಿಡು ಮೈತ್ರಿ," ಎಂದ. "ನಾ ಏನ್ ಕೆಟ್ಟವ ಅಲ್ಲ. ನಿಮ್ಮವ್ವಗ ಜೀಪಿನಾಗ ಹಾಕ್ಕೊಂಡು ದವಾಖಾನಿಗಿ ಒಯ್ದವ ನಾನೇ ಹೌದಿಲ್ಲ?"

"ಒಯ್ದಿ. ಅದನ್ನ ಮರೆಯಂಗಿಲ್ಲ," ಎಂದಳು ಮೈತ್ರಿ. "ಸೈನ್ ಮಾಡಿದ್ದೂ ಮರೆಯಂಗಿಲ್ಲ."

ಊರಿಗೆ ಹೋಗುವ ಆಳಂದದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರಸ್ತೆಯ ಎರಡೂ ಬದಿಗೆ ತೊಗರಿ ಮೊಣಕಾಲಿನ ಮೇಲಕ್ಕೆ ಬಂದಿತ್ತು. ಸಾಲು ಸಾಲಾಗಿ ಬಗ್ಗಿದ ಹೆಂಗಸರು ಕುಡಿ ಚಿವುಟುತ್ತಿದ್ದರು. ಬಿತ್ತಿ ಐವತ್ತು ದಿನವಾದ ಮೇಲೆ ಗಿಡದ ನೆತ್ತಿಯ ಕುಡಿಯನ್ನು ಉಗುರಿನಿಂದ ಮುರಿದರೆ ಪಕ್ಕದಲ್ಲಿ ಹೊಸ ಟೊಂಗೆ ಒಡೆಯುತ್ತವೆ, ಕಾಯಿ ಹೆಚ್ಚು ಹಿಡಿಯುತ್ತದೆ. ಎಕರೆಗಟ್ಟಲೆ ಹೊಲ, ಒಂದೊಂದು ಗಿಡಕ್ಕೂ ಒಂದೊಂದು ಸಲ ಬಗ್ಗಬೇಕು. ಅವ್ವ ಮಲ್ಕಮ್ಮನ ಹೆಬ್ಬೆರಳು ಆಗಸ್ಟ್ ತಿಂಗಳಿಡೀ ಕಪ್ಪು ಹಸಿರಾಗಿರುತ್ತಿತ್ತು, ಸಾಬೂನಿಗೂ ಹೋಗುತ್ತಿರಲಿಲ್ಲ.

ಮೈತ್ರಿ ಓದುತ್ತಿದ್ದ ಮೆಕಾಟ್ರಾನಿಕ್ಸ್ ಅಂಡ್ ರೋಬೋಟಿಕ್ಸ್ ಎಂಬ ಹೆಸರನ್ನು ಅವಳ ಊರು ಕಿಣ್ಣಿ ಸುಲ್ತಾನದಲ್ಲಿ ಯಾರೂ ಪೂರ್ತಿ ಹೇಳುತ್ತಿರಲಿಲ್ಲ. ಮಲ್ಕಮ್ಮನ ಬಾಯಲ್ಲಿ ಅದು "ಮಿಕ್ಯಾನಿಕ್ ಸಾಲಿ". ಅದನ್ನು ನಂಬಿದವರು ರಜೆಗೆ ಬಂದ ಹುಡುಗಿಯ ಮುಂದೆ ಕೆಟ್ಟ ಮಿಕ್ಸಿಯನ್ನೂ ನೀರೆತ್ತದ ಮೋಟರನ್ನೂ ತಂದಿಡುತ್ತಿದ್ದರು. ಅವಳೂ ಬೇಸರವಿಲ್ಲದೆ ಬಿಚ್ಚಿ ಕೂರುತ್ತಿದ್ದಳು. ಕೆಲವು ರಿಪೇರಿಯಾಗುತ್ತಿದ್ದವು, ಕೆಲವು ಇನ್ನಷ್ಟು ಕೆಡುತ್ತಿದ್ದವು. ಹಾಗೆ ಹೋದ ವರ್ಷ ರಜೆಗೆ ಬಂದಾಗಲೇ ಅವ್ವನ ಬೆನ್ನು ನೋಡಿ ಅವಳಿಗೆ ಗಾಡಿಯ ಯೋಚನೆ ಬಂದದ್ದು. ತೊಗರಿ ಸಾಲಿನ ಮೇಲೆ ಎರಡೂ ಕಡೆ ಗಾಲಿ ಊರಿಕೊಂಡು ನಡೆಯುವ ಗಾಡಿ. ಮುಂದೆ ಕ್ಯಾಮೆರಾ, ನಡುವೆ ಕುಡಿ ಕತ್ತರಿಸುವ ತಿರುಗುವ ಬ್ಲೇಡು. ಗುಂಡಿ ಒತ್ತುವುದು, ಪರದೆ ಓದುವುದು ಯಾವುದೂ ಬೇಡ, ಬಾಯಿಂದ ಹೇಳಿದರೆ ಕೇಳಬೇಕು. ಅಕ್ಷರ ಬಾರದ ಹೆಣ್ಣುಮಗಳೂ ಅದರ ಹಿಂದೆ ನೆಟ್ಟಗೆ ನಡೆದುಕೊಂಡು ಹೋಗಬೇಕು. ನೆಟ್ಟಗೆ ಎಂಬುದೇ ಅವಳ ಆಸೆಯಾಗಿತ್ತು.

ಶಿವಪ್ರಕಾಶ ಚೌಕಟ್ಟು ಮಾಡಿದ, ಸೃಷ್ಟಿ ಕ್ಯಾಮೆರಾ ಹಿಡಿದಳು. ಮಾತಿನ ಕೆಲಸ ಮೈತ್ರಿಯದು. ಊರಿನ ನಲವತ್ತೊಂದು ಹೆಂಗಸರ ದನಿಯನ್ನು ಅವಳು ಫೋನಿನಲ್ಲಿ ಹಿಡಿದಳು. ನಾಲ್ಕೇ ಮಾತು. ನಡಿ, ನಿಂದ್ರು, ಹೊಳ್ಳು, ಸಾವಕಾಶ. ಫೋನಿನ ಮುಂದೆ ನಿಲ್ಲಿಸಿದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. "ಯಾರಿಗಿ ನಿಂದ್ರು ಅನ್ಲಿ? ಮುಂದ ಯಾರೂ ಇಲ್ಲಲ್ಲ," ಎಂದು ಅವ್ವನ ಜೊತೆ ಕೂಲಿಗೆ ಹೋಗುವ ಜೀನತ ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಕೊನೆಗೆ ಮೈತ್ರಿ ಫೋನನ್ನು ಅವರ ಕೊರಳಿಗೆ ಕಟ್ಟಿ ತಾನೇ ಸಾಲಿನ ನಡುವೆ ಗಾಡಿಯಂತೆ ಮುಂದೆ ಮುಂದೆ ನಡೆದಳು. ಆಗ ಮಾತು ಬಂತು. ಹಿಂದಿನಿಂದ ಅವರು "ನಿಂದ್ರು" ಎಂದರೆ ಅವಳು ನಿಲ್ಲುವಳು, "ಹೊಳ್ಳು" ಎಂದರೆ ತಿರುಗುವಳು. ಇಡೀ ಹೊಲ ನಕ್ಕಿತ್ತು. ಎರಡು ತಿಂಗಳ ನಂತರ ಬ್ಲೇಡಿಲ್ಲದ ಗಾಡಿಯನ್ನು ಅದೇ ಹೊಲದಲ್ಲಿ ಬಿಟ್ಟಾಗ ಅದು ಮಲ್ಕಮ್ಮನ ಮಾತಿಗೆ ನಿಂತಿತು, ನಡೆಯಿತು. "ನನ್ನ ಗಂಡಗಿಂತ ಇದೇ ಚಲೋ ಮಾತ ಕೇಳ್ತದ ನೋಡ್ರಿ," ಎಂದು ಮಲ್ಕಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು.

ಆ ಮಾತುಗಳನ್ನು ಅನೀಲಕುಮಾರ ಸರ್ ತೆಗೆಸಿದ್ದು ಪ್ರಾತ್ಯಕ್ಷಿಕೆಗೆ ಎರಡು ದಿನ ಇದ್ದಾಗ. ಬೆಂಗಳೂರಿನಿಂದ ನಾಲ್ಕು ಜನ ತಜ್ಞರು ಬರುವವರಿದ್ದರು. ಲ್ಯಾಬಿನಲ್ಲಿ ಗಾಡಿಯ ಶಬ್ದಪಟ್ಟಿ ನೋಡಿ ಸರ್ ಹುಬ್ಬು ಗಂಟಿಕ್ಕಿದರು. "ಏನಮ್ಮ ಇದು? ನಿಂದ್ರು, ಹೊಳ್ಳು! ಇದು ಇಂಜಿನಿಯರಿಂಗ್ ಪ್ರಾಜೆಕ್ಟು, ಜಾನಪದ ಸಂಗ್ರಹ ಅಲ್ಲ. ಶುದ್ಧವಾಗಿ ಹೋಗು, ನಿಲ್ಲು, ತಿರುಗು, ನಿಧಾನ ಅಂತ ಹಾಕಿ."

"ಎರಡೂ ಇಡಮ್ರಿ ಸರ್. ನಿಲ್ಲೂ ಇರ್ಲಿ, ನಿಂದ್ರೂ ಇರ್ಲಿ."

"ಶಬ್ದ ಹೆಚ್ಚಾದಷ್ಟೂ ತಪ್ಪು ಹೆಚ್ಚಾಗುತ್ತೆ. ಹೋದ ವಾರ ಶಿವಪ್ರಕಾಶ ಯಾರಿಗೋ 'ನಿಂದು ಊಟ ಆಯ್ತಾ' ಅಂದ್ರೆ ಗಾಡಿ ನಿಂತುಬಿಡ್ತಲ್ಲ? ಬಂದವರ ಮುಂದೆ ಹಾಗಾದ್ರೆ?" ಸರ್ ಅಲ್ಲಿಗೆ ಬಿಡಲಿಲ್ಲ. ದನಿ ತಗ್ಗಿಸಿ, ಯಾರಿಗೂ ಹೇಳದ ಮಾತನ್ನು ಹೇಳುವವರಂತೆ ಹೇಳಿದರು. "ನಾನೂ ಜೇವರ್ಗಿ ಕಡೆಯವನೇ. ಎಂ.ಟೆಕ್‌ಗೆ ಬೆಂಗಳೂರಿಗೆ ಹೋದಾಗ ಮೊದಲ ದಿನ ಬಸ್ಸಲ್ಲಿ 'ಇಲ್ಲೇ ನಿಂದ್ರಸ್ರಿ' ಅಂದೆ. ಇಡೀ ಬಸ್ಸು ನಕ್ಕಿತು. ಕಂಡಕ್ಟರು ನನ್ನ ಹಾಗೇ ಮಾಡಿ ತೋರಿಸ್ದ. ಆವತ್ತೇ ಬಿಟ್ಟೆ. ನಿಮ್ಮನ್ನ ನೋಡಿ ಯಾರೂ ನಗಬಾರದು ಅಂತಾನೇ ಹೇಳ್ತಿರೋದು."

ಆ ಮಾತು ಕೇಳಿ ಮೈತ್ರಿಗೆ ಅವರ ಮೇಲೆ ಒಂದು ಕ್ಷಣ ಕನಿಕರ ಬಂದಿತ್ತು. ಈಗ ಆ ಕನಿಕರ ನೆನೆಸಿಕೊಂಡರೇ ಸಿಟ್ಟು ಬರುತ್ತಿತ್ತು. ಎಂದೋ ಒಂದು ಬಸ್ಸು ನಕ್ಕಿತೆಂದು ನಲವತ್ತೊಂದು ಹೆಂಗಸರ ಬಾಯಿ ಕಟ್ಟಬೇಕೆ? ಅದಕ್ಕಿಂತ ಹೆಚ್ಚು ಸಿಟ್ಟು ತನ್ನ ಮೇಲೆಯೇ ಇತ್ತು. ಅವಳು ಅಂದು "ಆಯ್ತ್ರಿ ಸರ್" ಎಂದಿದ್ದಳು. ಸೃಷ್ಟಿ ಪಟ್ಟಿ ಬದಲಿಸುವಾಗ ಪಕ್ಕದಲ್ಲೇ ನಿಂತು ನೋಡಿದ್ದಳು.

ಬಸ್ಸು ಒಂದು ಹಳ್ಳಿಯಲ್ಲಿ ನಿಂತಾಗ ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು. ಗಾಡಿಯ ಮೈಕು ಕೇಳಿದ್ದನ್ನೆಲ್ಲ ಹಿಡಿದಿಡುತ್ತಿತ್ತು. ಶುಕ್ರವಾರದ ಆ ತುಣುಕು ಅವಳ ಫೋನಿನಲ್ಲಿತ್ತು. ನಾಲ್ಕು ದಿನದಿಂದ ಅದನ್ನು ಕೇಳುವ ಧೈರ್ಯವಾಗಿರಲಿಲ್ಲ.

ಅಂದು ಜೇವರ್ಗಿಯಲ್ಲಿ ಹೆದ್ದಾರಿಗೆ ಹತ್ತಿಕೊಂಡೇ ಇದ್ದ ಚಂದ್ರಾಮಪ್ಪನ ಹೊಲದ ಬದುವಿನಲ್ಲಿ ಶಾಮಿಯಾನ ಹಾಕಿದ್ದರು. ಮಲ್ಕಮ್ಮ ಪೆಟ್ಟಿಗೆಯಲ್ಲಿಟ್ಟಿದ್ದ ಹಸಿರು ಸೀರೆ ಉಟ್ಟು, ಕೊರಳಿಗೆ ಪುಟ್ಟ ಮೈಕು ಸಿಕ್ಕಿಸಿಕೊಂಡು ನಿಂತಿದ್ದಳು. ಬೆಳಗ್ಗೆ ಬಸ್ಸಿಳಿದಾಗಿನಿಂದ ಮಗಳು ಅವಳಿಗೆ ಹೊಸ ಮಾತು ಕಲಿಸುತ್ತಿದ್ದಳು.

"ನಿಲ್ಲು ಅನ್ನಬೇಕು ಬೇ. ನಿಂದ್ರು ಅಂದ್ರ ಅದಕ್ಕ ತಿಳಿಯಂಗಿಲ್ಲ."

"ಯಾಕ, ಹೋದ ವರ್ಷ ತಿಳಿತಿತ್ತಲ್ಲ? ಮರ್ತದೇನು?"

"ಮರಸ್ಯಾರ."

"ಟಿವ್ಯಾಗಿನ ಹೆಂಗಸಿನಂಗ ನಿಲ್ಲೂ ಅನಬೇಕಂದಂಗಾಯ್ತು," ಎಂದು ಮಲ್ಕಮ್ಮ ಕೊರಳು ಉದ್ದ ಮಾಡಿ ಹತ್ತು ಸಲ ಅಂದು ನಕ್ಕಿದ್ದಳು.

ಮೊದಲ ಎರಡು ಸಾಲು ಸರಿಯಾಗಿಯೇ ಹೋದವು. ಮಲ್ಕಮ್ಮ ಹೋಗು ಎಂದಳು, ಗಾಡಿ ಹೋಯಿತು. ನಿಲ್ಲು ಎಂದಳು, ನಿಂತಿತು. ಬಂದವರು ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನ ನಡುವೆ ಎರೆಮಣ್ಣು ಹಸಿಯಾಗಿತ್ತು. ಎಡಗಾಲಿ ಹೂತುಕೊಂಡು ಗಾಡಿ ವಾಲಿ, ತೊಗರಿ ಬಿಟ್ಟು ಪಕ್ಕದ ಸಾಲಿನ ಹೆಸರುಕಾಳಿನ ಗಿಡಗಳ ಮೇಲೆ ಬಿತ್ತು. ಕಾಯಿ ತುಂಬಿದ ಗಿಡಗಳನ್ನು ಬ್ಲೇಡು ಕಚಕಚನೆ ಕತ್ತರಿಸತೊಡಗಿತು. ಮಲ್ಕಮ್ಮನಿಗೆ ಅದು ಯಾರ ಹೊಲ, ಯಾರ ಬೆಳೆ ಎಂಬುದು ತೋಚಲಿಲ್ಲ. ಬೆಳೆ ಹಾಳಾಗುವುದನ್ನು ಕಂಡ ಕೈ ಸುಮ್ಮನಿರಲಿಲ್ಲ. ಬಾಯಲ್ಲಿ ಹೇಳುತ್ತಲೇ ಮುಂದೆ ಬಂದು ಗಿಡಗಳನ್ನು ಹಿಂದಕ್ಕೆ ಹಿಡಿಯಲು ಬಗ್ಗಿದಳು. ನಿಲ್ಲಿಸುವ ಕೆಂಪು ಗುಂಡಿ ಗಾಡಿಯ ಹಿಂಭಾಗದಲ್ಲಿತ್ತು. ಲ್ಯಾಪ್‌ಟಾಪ್ ಎಸೆದು ಓಡಿದ ಮೈತ್ರಿಗೆ ಅದು ಇಪ್ಪತ್ತು ಹೆಜ್ಜೆ ದೂರ.

ಇಯರ್‌ಫೋನಿನಲ್ಲಿ ಮೊದಲು ಲಾರಿಯ ಹಾರನ್ನು, ಬ್ಲೇಡಿನ ಗುಯ್‌ಗುಡುವ ಸದ್ದು ಬಂತು. ಆಮೇಲೆ ಅವ್ವ. "ನಿಂದ್ರು." ಸ್ವಲ್ಪ ಜೋರಾಗಿ, "ಏ ನಿಂದ್ರು, ನಿಂದ್ರು!" ಅದರಲ್ಲಿ ಹೆದರಿಕೆಯೇ ಇರಲಿಲ್ಲ. ಬಾಗಿಲಲ್ಲಿ ಮೂಸುತ್ತ ನಿಂತ ಎಮ್ಮೆಗೆ ಗದರುವ ದನಿ ಅದು. ಹೇಳಿದ ಮೇಲೆ ನಿಲ್ಲುತ್ತದೆಂದು ನಂಬಿದ ದನಿ. ಅದರ ಮುಂದಿನದನ್ನು ಕೇಳುವ ಮೊದಲು ಮೈತ್ರಿ ಬಂದ್ ಮಾಡಿದಳು. ಮೂರು ಸಲದ ಆ ಮಾತಿಗೆ ಗಾಡಿ ತನ್ನ ದಾಖಲೆಯಲ್ಲಿ ಮೂರು ಸಾಲು ಬರೆದುಕೊಂಡಿತ್ತು. ಆದೇಶ ಗುರುತಿಸಲಾಗಿಲ್ಲ. ಆದೇಶ ಗುರುತಿಸಲಾಗಿಲ್ಲ. ಆದೇಶ ಗುರುತಿಸಲಾಗಿಲ್ಲ.

ರಕ್ತಕ್ಕಿಂತ ಹೆಚ್ಚಾಗಿ ಅವಳ ಮನಸ್ಸಿನಲ್ಲಿ ಕೂತದ್ದು ಅದರ ನಂತರದ ಮಾತು. ಶಿವಪ್ರಕಾಶ ಜೀಪು ತರಲು ಓಡಿದ್ದ. ಮೈತ್ರಿ ತನ್ನ ಓಢಣಿಯನ್ನು ಅವ್ವನ ಕೈಗೆ ಸುತ್ತುತ್ತಿದ್ದಳು. ಬಂದವರಲ್ಲಿ ಒಬ್ಬ ಹೆಂಗಸು ಕಳವಳದಿಂದಲೇ ಕೇಳಿದ್ದಳು. "ಅವರು ಏನೋ ಕೂಗಿದ್ರಲ್ಲ, ಏನಂದ್ರು?"

"ಗಾಬರಿಯಲ್ಲಿ ಏನೋ ಅಂದ್ರು ಮೇಡಂ, ಅರ್ಥ ಆಗ್ಲಿಲ್ಲ," ಎಂದಿದ್ದರು ಅನೀಲಕುಮಾರ ಸರ್.

ಜೇವರ್ಗಿ ಕಡೆಯ ಮನುಷ್ಯನಿಗೆ ಅರ್ಥವಾಗಲಿಲ್ಲವಂತೆ!

ಮನೆ ಮುಟ್ಟಿದಾಗ ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಒಲೆಯ ಮುಂದೆ ಅವಳ ಅಪ್ಪ ಹುಲೆಪ್ಪ ಕೂತಿದ್ದ. ಆಳಂದದಲ್ಲಿ ಹಮಾಲಿ ಮಾಡಿ ಬಂದವನು, ಜೀವಮಾನದಲ್ಲಿ ಮೊದಲ ಸಲ ರೊಟ್ಟಿ ಬಡಿಯುತ್ತಿದ್ದ. ಒಂದೊಂದು ರೊಟ್ಟಿಯೂ ಒಂದೊಂದು ಆಕಾರ. ಗೋಡೆಗೆ ಒರಗಿದ ಮಲ್ಕಮ್ಮ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನನ್ನು ಆಡಿಕೊಳ್ಳುತ್ತಿದ್ದಳು. ಮಗಳ ಮುಖ ನೋಡಿ ನಗು ನಿಲ್ಲಿಸಿದಳು.

ಮೈತ್ರಿ ಹಾಳೆಯನ್ನು ಓದಿ ಅರ್ಥ ಹೇಳಿದಳು. ಮಲ್ಕಮ್ಮ ಪೂರ್ತಿ ಕೇಳಿದಳು.

"ಇಷ್ಟೇ ಹೌದಲ್ಲ? ತಾ, ಹಾಕ್ತೇನಿ."

"ಏನ್ ಹಾಕ್ತಿ? ತಪ್ಪು ನಿಂದಂತ ಬರದಾರ!"

"ನಂದೇ ಅದ. ನೀ ಹತ್ತ ಸಲ ಹೇಳಿದ್ದಿ ನಿಲ್ಲು ಅನ್ನಂತ. ನನ್ನ ಬಾಯಿಗಿ ಬರ್ಲಿಲ್ಲ. ಹೇಳ್ದ ಮ್ಯಾಲ ನಿಂದ್ರತದಂತ ಕೈ ಹಾಕಿದೆ."

"ಅದಕ್ಕ ನಿನ್ನ ಮಾತ ಕಲಸಿದ್ದೆ ನಾ! ಅದನ್ನ ಕಿತ್ತ ಒಗದಾರ!" ಮೈತ್ರಿಯ ದನಿ ಪಕ್ಕದ ಮನೆಗೂ ಕೇಳುವಷ್ಟು ಏರಿತು. "ಅವ್ರ ಮಾತ ನಿನ್ನ ಬಾಯಾಗ ತುರುಕಿ, ಅದು ಬರ್ಲಿಲ್ಲಂತ ನಿನಗೇ ತಪ್ಪ ಹಚ್ಚಾಕತ್ತಾರ. ನಿನಗ ಸಿಟ್ಟ ಬರಂಗಿಲ್ಲೇನ ಯವ್ವ?"

"ಬರ್ತದ," ಎಂದಳು ಮಲ್ಕಮ್ಮ. ಅವಳ ದನಿ ಏರಲಿಲ್ಲ. "ನನಗೂ ಬರ್ತದ. ನಿನ್ನ ಸರ್ ಸಿಕ್ಕರ ಎರಡ ಮಾತ ಅಂತೇನಿ. ಆದ್ರ ನಾ ಮೂವತ್ತ ವರ್ಷ ಮಂದಿ ಹೊಲ್ದಾಗ ಬಗ್ಗಿದ್ದು ಒಂದ ಹೆಬ್ಬಟ್ಟಿಗಿ ನಿನ್ನ ಸಾಲಿ ಬಿಡಸಾಕಲ್ಲ. ಬೆರಳ ಹೋಗ್ಯಾದ. ಈಗ ನೀನೂ ಹೊಳ್ಳಿ ಬಂದು ನನ್ನ ಬಾಜೂಕ ಕುಡಿ ಚಿವುಟಾಕ ನಿಂತೆಂದ್ರ, ಆ ಬೆರಳ ಹೋಗಿದ್ದು ಎದಕ್ಕ?"

ಮೈತ್ರಿಗೆ ಅವ್ವನ ಮೇಲೂ ಸಿಟ್ಟು ಬಂತು. ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಳ್ಳುವುದನ್ನು ಇವಳಿಗೆ ಯಾರು ಕಲಿಸಿದರು? ಕೊಡ ಎತ್ತಿಕೊಂಡು ನಳಕ್ಕೆ ಹೋದಳು. ಹುಲೆಪ್ಪ ಹಿಟ್ಟಿನ ಕೈ ಕೊಡವುತ್ತ ಹಿಂದೆಯೇ ಬಂದ. "ನಾ ಏನ್ ಹೇಳ್ಲಿ ಬೇ," ಎಂದ. "ಆಕಿ ಮಾತೂ ಖರೇ ಅದ, ನಿಂದೂ ಖರೇ ಅದ. ನೀ ಓದಿದಾಕಿ." ಅಷ್ಟು ಹೇಳಿ ತುಂಬಿದ ಕೊಡವನ್ನು ತಾನೇ ಎತ್ತಿಕೊಂಡ.

ತಿರುಗಿ ಬರುವಷ್ಟರಲ್ಲಿ ಮಲ್ಕಮ್ಮ ಮಗಳ ಚೀಲದಿಂದ ಪೆನ್ನು ತೆಗೆದು ಎಡಗೈ ಹೆಬ್ಬೆರಳಿಗೆ ಮಸಿ ತಿಕ್ಕಿ, ಹಾಳೆಯ ಮೇಲೆ ಒತ್ತಿಬಿಟ್ಟಿದ್ದಳು. ಗುರುತು ಸರಿಯಾಗಿ ಮೂಡಿಲ್ಲವೆಂದು ಅದರ ಪಕ್ಕದಲ್ಲಿ ಇನ್ನೊಮ್ಮೆ ಒತ್ತಿದ್ದಳು. "ಒಯ್ದು ಕೊಡು," ಎಂದಳು. "ಕೊಡ್ಲಿಲ್ಲಂದ್ರ ನನ್ನ ಆಣಿ."

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಮೈತ್ರಿ ಮತ್ತೆ ಅದೇ ಕೋಣೆಯಲ್ಲಿದ್ದಳು. ಸರ್ ಕೈ ಚಾಚಿದರು. ಅವಳು ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ಬರೆದಿದ್ದ ಹಾಳೆಯನ್ನು ಕೊಟ್ಟಳು. ಅದು ಕನ್ನಡದಲ್ಲಿತ್ತು. ಸ್ಥಳ, ದಿನ ಎಲ್ಲ ಅವರು ಬರೆದಂತೆಯೇ ಇತ್ತು. ಗಾಯ ಎಂಬಲ್ಲಿ ಎರಡು ಬೆರಳಿನ ವಿವರವಿತ್ತು. ಕಾರಣ ಎಂಬಲ್ಲಿ ಹೀಗಿತ್ತು: "ಮಲ್ಕಮ್ಮನವರು ಮೂರು ಸಲ 'ನಿಂದ್ರು' ಎಂದರು. ಅದು ಸರಿಯಾದ ಆದೇಶ. ಹೋದ ವರ್ಷ ಗಾಡಿಗೆ ಆ ಮಾತು ಗೊತ್ತಿತ್ತು. ಪ್ರಾತ್ಯಕ್ಷಿಕೆಗೆ ಎರಡು ದಿನ ಮೊದಲು ಮಾರ್ಗದರ್ಶಕರು ಅದನ್ನು ತೆಗೆಸಿದರು. ಆಗ ನಾನು ಅಲ್ಲಿದ್ದೆ. ಸುಮ್ಮನಿದ್ದೆ. ಆಮೇಲೆ ನನ್ನ ತಾಯಿಯನ್ನು ಅದೇ ಗಾಡಿಯೊಂದಿಗೆ ನಿಲ್ಲಿಸಿದೆ. ಧ್ವನಿಮುದ್ರಣ ಲಗತ್ತಿಸಿದೆ."

ಸರ್ ಆ ಕಾರಣವನ್ನೇ ಎರಡು ಸಲ ಓದಿದರು. ಕಿವಿ ಕೆಂಪಾಯಿತು.

"ಇದೇನಮ್ಮ, ಕಥೆ ಬರ್ಕೊಂಡು ಬಂದಿದೀಯಾ? ನಾನು ಕೊಟ್ಟ ಹಾಳೆ ಎಲ್ಲಿ? ನಿಮ್ಮ ತಾಯಿ ಹೆಬ್ಬೆಟ್ಟು ಹಾಕಿಲ್ವಾ?"

"ಹಾಕ್ಯಾಳ್ರಿ."

"ಕೊಡು ಮತ್ತೆ."

"ಕೊಡಂಗಿಲ್ರಿ."

"ಇದನ್ನ ನಾನು ತಗೊಳ್ಳಲ್ಲ. ಯಾರೂ ತಗೊಳ್ಳಲ್ಲ. ನಾಳೆ ರಿವ್ಯೂಗೆ ನೀನು ಕೂರಲ್ಲ, ತಿಳ್ಕೊ. ನಿನ್ನನ್ನ ನಂಬಿದ ಇಬ್ಬರನ್ನೂ ಮುಳುಗಿಸ್ತಿದೀಯಾ." ಹಾಳೆಯನ್ನು ಮೇಜಿನ ಮೇಲಿಂದ ಅವಳ ಕಡೆ ತಳ್ಳಿದರು.

"ಅವ್ರದು ಬ್ಯಾರೆ ಬರದೇನ್ರಿ ಸರ್. ಅವ್ರಿಬ್ರದೂ ತಪ್ಪಿಲ್ಲಂತ ಕೊನಿಗಿ ಅದ. ನೀವು ಅಲ್ಲೀತನ ಓದ್ಲಿಲ್ಲ." ಅವಳು ಹಾಳೆ ತೆಗೆದುಕೊಂಡಳು. "ನೀವು ತಗೋಳಿಲ್ಲಂದ್ರ ಆಫೀಸಿನಾಗ ಕೊಡ್ತೇನ್ರಿ."

ಅವಳು ಬಾಗಿಲು ದಾಟಿ ಉದ್ದನೆಯ ಕಾರಿಡಾರಿನಲ್ಲಿ ನಡೆದಳು. ಹಿಂದೆ ಕುರ್ಚಿ ಸರಿದ ಸದ್ದಾಯಿತು. ತರಗತಿಗಳ ನಡುವಿನ ಹೊತ್ತು, ಕಾರಿಡಾರಿನ ತುಂಬ ಹುಡುಗರು, ಹುಡುಗಿಯರು.

"ಮೈತ್ರೀ!"

ಅವಳು ನಡೆಯುತ್ತಲೇ ಇದ್ದಳು.

"ಏ ಮೈತ್ರಿ, ನಿಂದ್ರು! ನಿಂದ್ರು ಅಂದ್ರ ಕೇಳಂಗಿಲ್ಲೇನ ನಿನಗ? ನಿಂದ್ರು!"

ಕಾರಿಡಾರಿನಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಸರ್ ಕೆಲಸಕ್ಕೆ ಸೇರಿದ ಒಂಬತ್ತು ವರ್ಷದಿಂದ ಆ ಕಾಲೇಜಿನಲ್ಲಿ ಯಾರೂ ಕೇಳದ ದನಿ ಅದು. ಮೈತ್ರಿ ನಿಂತಳು. ತಿರುಗಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ ಸರ್ ಮುಖದಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಬಾಯಿ ಅರ್ಧ ತೆರೆದೇ ಉಳಿದಿತ್ತು.

"ಕೇಳಸ್ತದ್ರಿ ಸರ್," ಎಂದಳು. "ನನಗ ಕೇಳಸ್ತದ, ಅದಕ್ಕ ನಿಂತೇನಿ. ಗಾಡಿಗಿ ಕೇಳಸಲಿಲ್ಲ."

ಯಾರೋ ಹುಡುಗ ಏನೂ ತಿಳಿಯದೆ ನಕ್ಕ. ಸರ್ ಏನೋ ಹೇಳಲು ಹೋದರು. ಬೆಂಗಳೂರಿನ ಮಾತು ಬರಲಿಲ್ಲ, ಊರಿನ ಮಾತೂ ಬರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೈತ್ರಿಗೆ ಗೆದ್ದೆನೆಂದೇನೂ ಅನ್ನಿಸಲಿಲ್ಲ. ಸಿಟ್ಟು ಹಾಗೆಯೇ ಇತ್ತು, ಒಂದು ತೊಲದಷ್ಟೂ ಕಡಿಮೆಯಾಗಿರಲಿಲ್ಲ.

ಆಫೀಸಿನಲ್ಲಿ ಗುಮಾಸ್ತ ಮುಕ್ರಮ ಹಾಳೆಯನ್ನು ಬೆರಳಿಟ್ಟು ಓದಿದ. ಕಾರಣ ಎಂಬಲ್ಲಿ ಬೆರಳು ನಿಂತಿತು. "ಬೆಹೆನ್, ಇದರಾಗ ನಿಂದೂ ತಪ್ಪದಂತ ನೀನೇ ಬರದಿಯಲ್ಲ," ಎಂದ.

"ಅದರಿ."

"ಅದನ್ನ ಹೊಡದ ಹಾಕಿ ಕೊಟ್ಟರ ನಿನಗ ಚಲೋ."

"ಬ್ಯಾಡ್ರಿ. ಹಂಗೇ ತಗೋರಿ."

ಮುಕ್ರಮ ಅವಳ ಮುಖವನ್ನು ಒಮ್ಮೆ ನೋಡಿ, ಆವಕ ಪುಸ್ತಕದಲ್ಲಿ ನಂಬರು ಬರೆದು, ಹಾಳೆಗೂ ಅವಳು ಮಾಡಿಸಿಕೊಂಡು ಬಂದಿದ್ದ ಜೆರಾಕ್ಸ್ ಪ್ರತಿಗೂ ಕಾಲೇಜಿನ ಸಿಕ್ಕಾ ಹೊಡೆದ. ಒಂದನ್ನು ಅವಳಿಗೆ ಕೊಟ್ಟ. ಇನ್ನು ನಾಳೆ ಏನಾಗುವುದೋ ಅವಳಿಗೆ ಗೊತ್ತಿರಲಿಲ್ಲ. ಒಂದು ವರ್ಷ ಹೋಗಬಹುದು. ಓದೇ ಹೋಗಬಹುದು. ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತಳು. ಅಷ್ಟರಲ್ಲಿ ಫೋನು ಬಂತು.

"ಕಾಗದ ಕೊಟ್ಟಿಯೇನ ಬೇ?" ಮಲ್ಕಮ್ಮ ಕೇಳಿದಳು.

"ಕೊಟ್ಟೇನಿ ಯವ್ವ."

"ತಗೊಂಡ್ರು?"

"ತಗೊಂಡ್ರು. ಸಿಕ್ಕಾನೂ ಹೊಡದ್ರು."

"ಹಂಗಾರ ಚಲೋ ಆಯ್ತು ಬಿಡು. ಇನ್ನ ನಿನಗ ಯಾರ ಭ್ಯಾವೂ ಇಲ್ಲ." ಅವ್ವನ ದನಿ ಹಗುರವಾಗಿತ್ತು. ಹಿಂದೆ ಗಾಳಿಯ ಸದ್ದು ಬರುತ್ತಿತ್ತು, ಯಾರೋ ಹೆಂಗಸರು ದೂರದಲ್ಲಿ ಮಾತಾಡುತ್ತಿದ್ದರು.

"ನೀ ಎಲ್ಲಿದ್ದಿ?"

"ಮನ್ಯಾಗ ಕುಂತು ಕುಂತು ಬ್ಯಾಸರ ಬಂತು. ಜೀನತ ಕೆಲಸಕ್ಕ ಹೊಂಟಿದ್ದಳು, ಬೆನ್ನ ಹತ್ತಿ ಹೊಲಕ್ಕ ಬಂದೇನಿ. ಎಡಗೈಲೆ ಆಗ್ತದೇನಂತ ನೋಡಾಕತ್ತೇನಿ."

"ಯವ್ವ, ಹೊಲಿಗಿ ಇನ್ನೂ ಬಿಚ್ಚಿಲ್ಲ..."

"ಹೊಲಿಗಿ ಬಲಗೈಗಿ ಅದ. ನೀ ಸುಮ್ಕಿರು."

ಮಲ್ಕಮ್ಮ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿರಬೇಕು, ಸೀರೆ ಸವರಿದ ಸದ್ದಾಯಿತು. ಮಾತು ನಿಂತಿತು. ಮೈತ್ರಿ ಫೋನು ಇಡಲಿಲ್ಲ. ಪಟ್ ಎಂದು ಒಂದು ಕುಡಿ ಮುರಿದದ್ದು ಕೇಳಿಸಿತು. ಆಮೇಲೆ ಬರೀ ಗಾಳಿ. ಅವ್ವ ಉಸಿರು ಬಿಗಿಹಿಡಿದಿದ್ದಳು. ಬಹಳ ಹೊತ್ತಿನ ಮೇಲೆ ಇನ್ನೊಂದು ಮುರಿಯಿತು.